ಹೊರಸಿನ ಕಾಲಿಗೆ ಹಗ್ಗ

ಏಳು ದಿನದ ಕ್ಯಾಂಪು ಅಂತ ಬಂದಿದ್ರು ಕಾಲೇಜಿನ ಹುಡುಗೂರು,
ಬಿಳಿ ಟೊಪಗಿ, ಕೈಯಾಗ ಲೇಬಲ್ಲೂ ಕೀಳದ ಸಲಿಕಿ.
ಹಳೇ ಹುಬ್ಬಳ್ಳಿಯ ನಮ್ಮ ನಾಲಾದಂಡಿ ಓಣಿಗೆ
ಹಿಂಗ ಬಂದು ಹೋದೋರು ಭಾಳ ಮಂದಿ:
ಅವಲಕ್ಕಿ ತಿಂದು, ಫೋಟೋ ಹಿಡಿಸಿಕೊಂಡು,
ಪ್ಲೇಟು ನಾಲಾಕ್ಕ ಒಗದು.

ಗಿರಣಿ ಬಾಗಲಾಗ ನಿಂತು ನೋಡಿದೆ ನಾನು,
ಹುಬ್ಬಿನ ತುಂಬ ಜ್ವಾಳದ ಹಿಟ್ಟು.
"ತಗೀರಿ ಹೂಳು, ತಗೀರಿ.
ಬರೂ ತಿಂಗಳು ಅದು ತಿರುಗಿ ಬರತೈತಿ,
ನೀವು ಬರಂಗಿಲ್ಲ."

ಅದರಾಗ ಒಬ್ಬಾಕಿ, ಕುಂದಗೋಳ ಕಡಿಯಾಕಿ, ಗಂಗೂ ಅಂತ,
ಸಲಿಕಿ ಇಟ್ಟು ನೋಟಬುಕ್ಕು ಹಿಡದ್ಲು.
ಮನಿ ಮನಿಗೂ ಒಂದ ಮಾತು:
"ರಾತ್ರಿ ನೀರು ಹೊಕ್ರ
ನಿಮ್ಮನ್ನ ಎಬ್ಬಿಸೋರು ಯಾರ್ರಿ?"

ಜಾತಿ ಕೇಳ್ಯಾರ ಮಂದಿ, ಓಟು ಕೇಳ್ಯಾರ,
ರೇಶನ್ ಕಾರ್ಡಿನ ನಂಬರ ಕೇಳ್ಯಾರ.
ಇದನ್ನ ಯಾರೂ ಕೇಳಿದ್ದಿಲ್ಲ.
ನಾನು ಗಿರಣಿ ಪಟ್ಟಾ ಸರಿ ಮಾಡೂ ಸೋಗು ಹಾಕಿದೆ.
ಇಪ್ಪತ್ತಾರು ವರ್ಷದ ಗಡಗಡಕ್ಕ
ಎಡಗಿವಿ ಪೂರಾ ಹೋಗೇತಿ, ಬಲಗಿವಿ ಅರ್ಧ.
ಬಾಗಲಾ ಬಡಿದ್ರ ಕೇಳಂಗಿಲ್ಲ.
ಒಳಗ ಮಲಗಾಂವ ನಾನೊಬ್ಬನ.

ಆಕಿ ಬರಕೊಂಡ್ಲು:
ಮೆಹಬೂಬಿ, ಬಾಣಂತಿ, ಕೂಸು ಹನ್ನೊಂದು ದಿನದ್ದು.
ಕಾಟವೆ ಸುಂದ್ರಾಬಾಯಿ, ಸಕ್ಕರಿ ಬ್ಯಾನಿ, ಇನ್ಸುಲಿನ್ನು ಮಣ್ಣಿನ ಗಡಿಗ್ಯಾಗ.
ಫಕ್ಕೀರೇಶನ ಮಗ, ಮಾತಿಲ್ಲ, ಕತ್ತಲಿಗೆ ಅಂಜತಾನ.
ರೇಲ್ವೆ ಸ್ಯಾಮಸನ್ನ, ನಿದ್ದಿ ಇಲ್ಲ, ಸೀಟಿ ಐತಿ.
ಇರಪಾಕ್ಷಿ, ಗಿರಣಿ, ಕಿವುಡ.
ಕಿವುಡ ಅಂತ ನಾ ಹೇಳಿದ್ದಿಲ್ಲ.

ಆಮ್ಯಾಲ ಒಂದೊಂದು ಹೆಸರಿನ ಮುಂದ ಇನ್ನೊಂದು ಹೆಸರು ಕೂಡಿಸಿದ್ಲು.
ನನ್ನ ಮುಂದ ದಾವಲಸಾಬ.
ದಾವಲಸಾಬ!
ಗಿರಣಿ ಸದ್ದು ತಡಕೊಳ್ಳಾಕ ಆಗಂಗಿಲ್ಲಂತ
ಕಾರ್ಪೋರೇಶನ್ನಿಗೆ ಮೂರು ಅರ್ಜಿ ಕೊಟ್ಟಾಂವ,
ಒಂಬತ್ತು ವರ್ಷ ನನ್ನ ಕೂಡ ಮಾತು ಬಿಟ್ಟಾಂವ.
"ಅಳಸು ಅದನ್ನ," ಅಂದೆ.
ಗಂಗೂ ಪೆನ್ನಿನ ಟೋಪಿ ಹಾಕಿದ್ಲು:
"ಅಜ್ಜಾರ, ಇಷ್ಟು ವರ್ಷ ಮುಂಜಾನೆ ಐದಕ್ಕ ನೀವು ಅವರನ್ನ ಎಬ್ಬಿಸೀರಿ.
ಒಂದ್ಸಲ ಅವರೂ ಎಬ್ಬಿಸ್ಲಿ ಬಿಡ್ರಿ."

ಕ್ಯಾಂಪು ಮುಗೀತು. ಹೂಳು, ನಾ ಹೇಳಿದಂಗ, ತಿರುಗಿ ಬಂತು.
ನೋಟಬುಕ್ಕು ಗಿರಣಿಯ ಮೊಳಿಗೆ ತೂಗಿಕೋತ ಉಳೀತು.
ಹಿಟ್ಟಿಗೆ ಬಂದೋರು ಪಾಳಿ ಕಾಯಕೋತ ಓದಿದ್ರು, ತಿದ್ದಿದ್ರು:
ಕೂಸಿಗೆ ಈಗ ಹಲ್ಲು ಬಂದಾವು.
ಸುಂದ್ರಾಬಾಯಿ ಇಲ್ಲ.
ಯಾರೂ ಆ ಹೆಸರು ಹೊಡದು ಹಾಕಲಿಲ್ಲ,
ಸುತ್ತ ಒಂದು ಗೆರಿ ಎಳದ್ರು, ಅಷ್ಟ.

ದಾವಲಸಾಬ ಮಾತಾಡಲಿಲ್ಲ.
ನಡುವಿನ ಗ್ವಾಡಿಗೆ ತೂತು ಕೊರದು ಹಗ್ಗ ತೂರಿಸಿದ.
ಆ ಕಡೆ ತುದಿ ಅವನ ತಲಿದಿಂಬಿನ ಹಂತೇಕ,
ಈ ಕಡೆದ್ದು ನನ್ನ ಹೊರಸಿನ ಕಾಲಿಗೆ.

ಉತ್ತರಿ ಮಳಿಯ ಒಂದು ರಾತ್ರಿ
ನಾಲಾ ಎದ್ದು ಓಣಿಯೊಳಗ ಬಂತು.
ಸ್ಯಾಮಸನ್ನನ ಸೀಟಿ ನನಗ ಕೇಳಲಿಲ್ಲ.
ಹೊರಸು ಅಲುಗಾಡಿತು. ಮತ್ತ ಅಲುಗಾಡಿತು.
ಕಾಲು ಇಳಿಬಿಟ್ರ ಮೀನಖಂಡದ ಮಟ ತಂಪು.

ಸಾಲಿಯ ಮ್ಯಾಲಿನ ಮಹಡ್ಯಾಗ, ಒಂದ ಕಂದೀಲದ ಬೆಳಕಿಗೆ,
ಫಕ್ಕೀರೇಶನ ಮಗ ನಮ್ಮ ತಲಿ ಮುಟ್ಟಿಕೋತ ಬಂದ,
ನೋಟಬುಕ್ಕಿನ್ಯಾಗ ಇದ್ದ ಸಾಲಿನ ಪ್ರಕಾರ, ಜೋಡಿ ಜೋಡಿ.
ಸುಂದ್ರಾಬಾಯಿಯ ಜಾಗಕ್ಕ ಬಂದಾಗ
ಗಾಳಿಯೊಳಗ ಕೈ ಇಟ್ಟು, ಮುಂದ ಹೋದ.

ಹನ್ನೆರಡು ಚೀಲ ಹಿಟ್ಟು ಅಂಟಾತು ನನ್ನದು.
ಮಂದಿ? ಎಲ್ಲಾರೂ ಅದಾರ.

ಗಿರಣಿ ಈಗ ಏಳಕ್ಕ ಚಾಲೂ ಮಾಡತೀನಿ.
ದಾವಲಸಾಬನ ಮಾತು ಇನ್ನೂ ಕಮ್ಮಿನ.
ಆದ್ರ ಮಳಿ ಇಲ್ಲದ ರಾತ್ರಿಯೂ ಒಮ್ಮೊಮ್ಮೆ
ಆ ಕಡಿಂದ ಹಗ್ಗ ಜಗ್ಗತಾನ, ಮೆಲ್ಲಕ, ಒಂದ ಸಲ.
ಕತ್ತಲದಾಗ ಕೈ ಚಾಚಿ
ನಾನೂ ಒಂದ ಸಲ ಜಗ್ಗತೀನಿ.